ಪೇಷೆಂಟ್ ಕಡೆಯವರು

ಅಕ್ಟೋಬರ್ 31, 2025, ಶುಕ್ರವಾರ

ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದೆ, ನಿದ್ದೆ ಹತ್ತಲಿಲ್ಲ. ಎದ್ದು ಬರೆಯುತ್ತಾ ಕೂತಿದ್ದೇನೆ.

ಸುಡಾನಿನ ಎಲ್ ಫಾಶರ್ ಊರಿನ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ 460ಕ್ಕೂ ಹೆಚ್ಚು ಜನರನ್ನು ಕೊಂದ ವರದಿ ಬಂದಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಸತ್ತವರು ರೋಗಿಗಳು ಮತ್ತು ಅವರ ಜೊತೆಗಿದ್ದವರು. ಈ 'ಜೊತೆಗಿದ್ದವರು' ಅನ್ನೋ ಮಾತು ನೆನ್ನೆಯಿಂದ ಮನಸ್ಸಲ್ಲೇ ಕೂತಿದೆ. ನಮ್ಮ ವಾರ್ಡಿನಲ್ಲಿ ಅವರನ್ನು ಪೇಷೆಂಟ್ ಕಡೆಯವರು ಅಂತೀವಿ. ಮಂಚದ ಕೆಳಗೆ ಚಾಪೆ ಸುತ್ತಿಟ್ಟುಕೊಂಡು, ಒಂದು ಫ್ಲಾಸ್ಕು, ಒಂದು ಟಿಫಿನ್ ಕ್ಯಾರಿಯರ್, ಮಗುವಿಗೆ ಅಂತ ಒಗೆದು ಮಡಿಸಿದ ಹಳೇ ಸೀರೆ ತುಂಡು ಇಟ್ಟುಕೊಂಡು, ಮಗಳಿಗೆ ನೋವು ಶುರುವಾದಾಗಿನಿಂದ ರೆಪ್ಪೆ ಮುಚ್ಚದೆ ಕೂತಿರೋ ಅಮ್ಮ, ಅತ್ತೆ, ಅಕ್ಕ. ಅಲ್ಲಿಯೂ ಹೀಗೇ ಯಾರೋ ಕೂತಿದ್ದರು ಅಲ್ವಾ?

ಎಲ್ ಫಾಶರ್ ಹೆಸರು ನಾನು ಮೊದಲು ಕೇಳಿದ್ದು 2023ರ ಏಪ್ರಿಲ್‌ನಲ್ಲಿ. ಆ ತಿಂಗಳ 15ಕ್ಕೆ ಸುಡಾನಿನಲ್ಲಿ ಸೇನೆಗೂ ಆರ್‌ಎಸ್‌ಎಫ್ ಅನ್ನೋ ಅರೆಸೇನಾ ಪಡೆಗೂ ಯುದ್ಧ ಶುರುವಾಯ್ತು. ನಾಟಿ ಔಷಧಿ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಎಲ್ ಫಾಶರ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯವರು. ಆಪರೇಷನ್ ಕಾವೇರಿಯಲ್ಲಿ ಭಾರತೀಯರನ್ನೆಲ್ಲ ಕರೆತಂದಾಗ ನಾವು ನಿಟ್ಟುಸಿರು ಬಿಟ್ಟು ಆ ಊರನ್ನು ಮರೆತೆವು. ಊರಿನವರು ಎಲ್ಲಿಗೆ ಹೋಗಬೇಕಿತ್ತು?

2024ರ ಮೇ ತಿಂಗಳಿಂದ ಆರ್‌ಎಸ್‌ಎಫ್ ಮುತ್ತಿಗೆ. ಮಕ್ಕಳ ಆಸ್ಪತ್ರೆ ಆ ಮೇ ತಿಂಗಳಲ್ಲೇ ನಿಂತಿತು, ದಕ್ಷಿಣ ಆಸ್ಪತ್ರೆ ಜೂನ್‌ನಲ್ಲಿ. ಹಾಗಾಗಿ ಗುಂಡೇಟು, ಹೆರಿಗೆ, ಮಕ್ಕಳ ಜ್ವರ ಎಲ್ಲಾ ಈ ಒಂದು ಹೆರಿಗೆ ಆಸ್ಪತ್ರೆಯ ಮೇಲೇ ಬಿತ್ತು. ಈ ಜನವರಿಯಲ್ಲಿ ಅದರ ಮೇಲೂ ದಾಳಿಯಾಗಿ 70 ಜನ ಸತ್ತರು. ಆಮೇಲೂ ಅಲ್ಲಿನವರು ಕೆಲಸ ನಿಲ್ಲಿಸಲಿಲ್ಲ. ಈ ವರ್ಷ ಆರ್‌ಎಸ್‌ಎಫ್‌ನವರು ಊರಿನ ಸುತ್ತ ಕೆರೆ ಏರಿ ಥರ ಮಣ್ಣಿನ ದಿಬ್ಬ ಹಾಕಿದರು, ಒಳಗೆ ಔಷಧಿಯೂ ಬರದ ಹಾಗೆ, ಹೊರಗೆ ಜನವೂ ಹೋಗದ ಹಾಗೆ. ಆಸ್ಪತ್ರೆಯಲ್ಲಿ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಮುಗಿದು ಸೊಳ್ಳೆ ಪರದೆ ಕತ್ತರಿಸಿ ಕಟ್ಟಿದರಂತೆ. ಇದನ್ನು ಓದಿದ ರಾತ್ರಿ ಡ್ರೆಸಿಂಗ್ ಟ್ರೇಯಲ್ಲಿದ್ದ ಗಾಜ್ ಮಡಿಕೆಯನ್ನು ಸುಮ್ನೆ ಕೈಯಲ್ಲಿ ಹಿಡಿದು ನೋಡಿದೆ. ಮೆತ್ತಗೆ, ಒಣಗಿ, ರಕ್ತ ತಾಕಿದ ಕೂಡಲೇ ಹೀರಿಕೊಳ್ಳುತ್ತೆ. ನೈಲಾನ್ ಸೊಳ್ಳೆ ಪರದೆ ಏನು ಹೀರುತ್ತೆ? ಆದರೂ ಯಾರೋ ಕೂತು ಅದನ್ನು ಚೌಕ ಚೌಕವಾಗಿ ಕತ್ತರಿಸಿದ್ದಾರೆ. ನನ್ನ ಹಾಗೇ ಒಬ್ಬ ನರ್ಸ್ ಇರಬೇಕು.

ಕಳೆದ ಭಾನುವಾರ ಆರ್‌ಎಸ್‌ಎಫ್ ಊರಿಗೆ ನುಗ್ಗಿತು. ಅದೇ ದಿನ ಆ ಆಸ್ಪತ್ರೆಯ ಮೇಲೆ ಮತ್ತೆ ದಾಳಿಯಾಗಿ ಒಬ್ಬ ನರ್ಸ್ ಸತ್ತರು. ಮಂಗಳವಾರ ನಾಲ್ವರು ಡಾಕ್ಟರ್, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್‌ರನ್ನು ಎತ್ತಿಕೊಂಡು ಹೋದರು. ಯುದ್ಧದಲ್ಲಿ ಆಸ್ಪತ್ರೆ ಮುಟ್ಟಬಾರದು ಅಂತ 2016ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಣಯವನ್ನೇ ಮಾಡಿದೆ, ನಂಬರ್ 2286. ಇಷ್ಟು ದೊಡ್ಡವರೆಲ್ಲ ಕೂತು ಕೈ ಎತ್ತಿದ ಮಾತು ಒಂದು ಹೆರಿಗೆ ವಾರ್ಡಿನ ಬಾಗಿಲು ಕಾಯಲಿಲ್ಲ. ನನಗೆ ಸಿಟ್ಟು ಬರುತ್ತೆ.

ತಪ್ಪಿಸಿಕೊಂಡವರು ಸುಮಾರು 60 ಕಿಲೋಮೀಟರ್ ದೂರದ ತವಿಲಾಗೆ ನಡೆದು, ಕತ್ತೆ ಮೇಲೆ ಕೂತು ಬರುತ್ತಿದ್ದಾರೆ. ಸೋಮವಾರ ಅಲ್ಲಿಗೆ ಬಂದ ಐದು ವರ್ಷದೊಳಗಿನ 70 ಮಕ್ಕಳನ್ನು ಎಂಎಸ್‌ಎಫ್ ಅನ್ನೋ ವೈದ್ಯಕೀಯ ನೆರವಿನ ಸಂಸ್ಥೆಯವರು ನೋಡಿದರು. ಎಪ್ಪತ್ತೂ ಮಕ್ಕಳಿಗೆ ಅಪೌಷ್ಟಿಕತೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳದ್ದು ತೀವ್ರ. ಅಪೌಷ್ಟಿಕತೆ ತಿಳಿಯಲು ತೋಳಿಗೆ ಸುತ್ತಿ ನೋಡುವ ಟೇಪ್ ನಮ್ಮಲ್ಲೂ ಇದೆ. ಹಸಿರು, ಹಳದಿ, ಕೆಂಪು. ಕೆಂಪು ಬಂದರೆ ನಾವು ಮೊದಲು ಹಿಂದೆ ತಿರುಗಿ ಕೂಗುವುದು, "ಈ ಮಗು ಕಡೆಯವರು ಯಾರಮ್ಮಾ?"