ಹನ್ನೊಂದು ವರ್ಷ ಓಡದ ವೈಪರ್

ಗಲ್ಫ್ ಅಂದ್ರೆ ನನ್ನ ತಲೆಯಲ್ಲಿ ಇದ್ದಿದ್ದು ಮರಳು, ಒಂಟೆ, ಎಣ್ಣೆ, ಏಸಿ. ಜನ ಅಂದ್ರೆ ಕಪ್ಪು ಗಾಜಿನ ಕಾರಲ್ಲಿ ಸುಯ್ ಅಂತ ಹೋಗಿಬಿಡುವ, ನಮ್ಮಂಥವರನ್ನು ಕಣ್ಣೆತ್ತಿಯೂ ನೋಡದ ಶೇಖ್‌ಗಳು. ಅಷ್ಟೇ. ಅಕ್ಕ ಭಾವ ಹನ್ನೊಂದು ವರ್ಷದಿಂದ ಒಮಾನ್ ದೇಶದ ಮಸ್ಕತ್‌ನಲ್ಲೇ ಇದ್ದರೂ ನಾನು ಅವರನ್ನು ಕೇಳುತ್ತಿದ್ದಿದ್ದು ಸೆಕೆ ಎಷ್ಟು, ಚಿನ್ನದ ರೇಟ್ ಎಷ್ಟು ಅಂತ ಮಾತ್ರ.

ಜುಲೈನಲ್ಲಿ ತೀರ್ಥಹಳ್ಳಿಯಿಂದ ಹೊರಟಾಗ ಮನೆ ಅಂಗಳ ಪಾಚಿ ಕಟ್ಟಿತ್ತು, ಒಂದು ಬನಿಯನ್ ಒಣಗೋಕೆ ಮೂರು ದಿನ ಬೇಕಿತ್ತು. ಹದಿನೈದು ದಿನ ಒಣಬಟ್ಟೆ ಹಾಕ್ಕೊಂಡು ಇರಬಹುದಲ್ಲ ಅನ್ನೋದೇ ನನಗೆ ದೊಡ್ಡ ಖುಷಿ. ಹೋದ ಮೂರನೇ ದಿನ ಭಾವ, "ಸಲಾಲಾಕ್ಕೆ ಹೋಗೋಣ, ಕಾರಲ್ಲೇ, ಸಾವಿರ ಕಿಲೋಮೀಟರ್" ಅಂದರು. ಅಲ್ಲೇನಿದೆ ಅಂತ ಕೇಳಿದೆ. ಮಳೆ ನೋಡೋಕೆ ಅಂದರು. ತಮಾಷೆ ಮಾಡ್ತಿದ್ದಾರೆ ಅಂದುಕೊಂಡೆ.

ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ನಿಜ್ವಾದಲ್ಲಿ ತಿಂಡಿಗೆ ನಿಲ್ಲಿಸಿದಾಗ ಖರ್ಜೂರದ ತೋಟದ ನಡುವೆ ಮೊಣಕಾಲುದ್ದ ಕಾಲುವೆಯಲ್ಲಿ ತಿಳಿನೀರು ಓಡುತ್ತಿತ್ತು. ಇದಕ್ಕೆ ಅವರು ಫಲಜ್ ಅಂತಾರೆ. ಬೆಟ್ಟದ ಬುಡದ ನೀರನ್ನು ನೆಲದೊಳಗಿನ ಸುರಂಗದಲ್ಲಿ, ಪಂಪಿಲ್ಲದೆ, ಬರೀ ಇಳಿಜಾರಿನಲ್ಲಿ ಮೈಲಿಗಟ್ಟಲೆ ತರುವ ಪದ್ಧತಿ. ನಮ್ಮ ಬೀದರ್‌ನ ಕರೇಜ್ ಇದರ ದಾಯಾದಿಯೇ. 2006ರಲ್ಲಿ ಒಮಾನ್‌ನ ಇಂಥ ಐದು ಫಲಜ್‌ಗಳು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಅನ್ನೋದನ್ನು ಹಗಲು ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಲೆಕ್ಕ ಹಾಕುತ್ತಿದ್ದರಂತೆ. ತೋಟದ ನೀರಿನ ಪಾಳಿಗೆ ನಮ್ಮೂರಲ್ಲಿ ಕೋರ್ಟಿಗೆ ಹೋದವರು ನೆನಪಾದರು.

ಆದಮ್ ದಾಟಿದ ಮೇಲೆ ಮಾತ್ರ ನನ್ನ ತಲೆಯೊಳಗಿದ್ದ ಗಲ್ಫೇ ಸಿಕ್ಕಿತು. ಗಂಟೆಗಟ್ಟಲೆ ಏನೂ ಇಲ್ಲ. ಚಪ್ಪಟೆ ನೆಲ, ಬಿಳಿ ಆಕಾಶ. ಅಬಾಯಾ ಹಾಕಿದ ಹೆಂಗಸೊಬ್ಬರು ಲ್ಯಾಂಡ್ ಕ್ರೂಸರ್ ಓಡಿಸಿಕೊಂಡು ನಮ್ಮನ್ನು ಹಿಂದೆ ಹಾಕಿ ಹೋಗಿದ್ದೇ ಒಂದು ಘಟನೆ. ಹೈಮಾ ಕಳೆದು ಸ್ವಲ್ಪ ದೂರಕ್ಕೆ ಹಿಂದಿನ ಟೈರ್ ಠುಸ್ ಅಂತು. ಕಾರಿನ ಮೀಟರ್‌ನಲ್ಲಿ 46 ಡಿಗ್ರಿ. ಜಾಕ್ ಮುಟ್ಟಿದರೆ ಕೈ ಸುಡುತ್ತೆ.

ಐದು ನಿಮಿಷವೂ ಆಗಿರಲಿಲ್ಲ, ಎದುರಿನಿಂದ ಬಂದ ಪಿಕಪ್ ಒಂದು ತಿರುಗಿಸಿಕೊಂಡು ಬಂದು ನಿಂತಿತು. ಬಿಳಿ ಗಡ್ಡದ ಅಜ್ಜ, ಉದ್ದ ಅಂಗಿ, ತಲೆಗೆ ಕಸೂತಿ ಟೋಪಿ. ಏನು ಎತ್ತ ಅಂತ ಕೇಳಲೂ ಇಲ್ಲ, ತೋಳು ಮಡಚಿ ನಟ್ ಬಿಚ್ಚೋಕೆ ಕೂತುಬಿಟ್ಟರು. ಭಾವ ಬೇಡ ಬೇಡ ಅಂದರೂ ಕೇಳಲಿಲ್ಲ. ಟೈರ್ ಹಾಕಿದ ಮೇಲೆ ಪಿಕಪ್‌ನ ನೆರಳಲ್ಲಿ ಚಾಪೆ ಹಾಸಿ, ಫ್ಲಾಸ್ಕ್ ತೆಗೆದು, "ಬೈಠೋ, ಬೈಠೋ" ಅಂದರು. ಹಿಂದಿ! ನನಗಿಂತ ಚೆನ್ನಾಗಿ ಮಾತಾಡುತ್ತಿದ್ದರು.

ಹಿಡಿಕೆ ಇಲ್ಲದ ಪುಟ್ಟ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ, ಜೊತೆಗೆ ಖರ್ಜೂರ. ಖಾಲಿ ಮಾಡಿದೆ, ಮತ್ತೆ ಸುರಿದರು. ಮರ್ಯಾದೆಗೆ ಅದನ್ನೂ ಕುಡಿದೆ, ಮತ್ತೆ ಸುರಿದರು. ಆರನೇ ಬಟ್ಟಲಿಗೆ ಭಾವ ನಗು ತಡೆಯಲಾರದೆ, "ಅಲ್ಲಾಡಿಸೋ ಮಾರಾಯ, ಇಲ್ದಿದ್ರೆ ಸಂಜೆವರೆಗೂ ಹಾಕ್ತಾರೆ" ಅಂದರು. ಸಾಕು ಅಂತ ಹೇಳೋದು ಬಾಯಲ್ಲಲ್ಲ, ಖಾಲಿ ಬಟ್ಟಲನ್ನು ಆ ಕಡೆ ಈ ಕಡೆ ಸಣ್ಣಗೆ ಅಲ್ಲಾಡಿಸಬೇಕು. ನಮ್ಮ ಮದುವೆ ಮನೆ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡೀತೀವಲ್ಲ, ಹಾಗೆ.

ನಮ್ಮ ಊರು ಬೆಂಗಳೂರಿನ ಕಡೆ ಅಂದಾಗ ಅಜ್ಜನ ಮುಖ ಅರಳಿತು. ಹೆಂಡತಿಯ ಮಂಡಿ ಆಪರೇಷನ್ ಮಾಡಿಸಿದ್ದು ಅಲ್ಲೇ ಅಂತೆ. ಇಂಡಿಯಾ ಅಂದ್ರೆ ಬರೀ ಸೆಕೆ ಅಂದುಕೊಂಡು ಹೋಗಿದ್ದರಂತೆ, ರಾತ್ರಿ ಚಳಿಗೆ ಕಂಬಳಿ ಕೊಂಡರಂತೆ. ಸಲಾಲಾಕ್ಕೆ ಹೋಗ್ತಿದೀವಿ ಅಂದಾಗ ತಲೆ ಆಡಿಸಿ, "ಬಹುತ್ ಅಚ್ಛಾ, ಬಾರಿಶ್ ದೇಖೋ" ಅಂದರು. ಭಾವ ತಮಾಷೆ ಮಾಡಿಲ್ಲ ಅಂತ ಆಗ ನಂಬಿದೆ.

ಥುಮ್ರೈತ್‌ವರೆಗೂ ಅದೇ ಒಣನೆಲ. ಆಮೇಲೆ ಒಂದು ಕಣಿವೆಯಲ್ಲಿ ಕಲ್ಲಿನ ನಡುವೆ ಕುಳ್ಳ ಕುಳ್ಳ ಮರಗಳು. ಲೋಬಾನದ ಮರ. ಊರ ದರ್ಗಾದಲ್ಲಿ ಹೊಗೆ ಹಾಕುವಾಗ ಮೂಗಿಗೆ ಬಡಿಯುತ್ತಲ್ಲ, ಆ ಹೆಸರೇ ಅರಬ್ಬಿಯ ಲುಬಾನ್‌ನಿಂದ ಬಂದಿದ್ದು. ಇದಕ್ಕೆ ಬೆಟ್ಟದ ಈಚೆಯ ಒಣ ಗಾಳಿಯೇ ಬೇಕು, ಆಚೆಯ ಮಳೆ ಆಗಿಬರಲ್ಲ ಅಂತ ಭಾವ ಹೇಳುತ್ತಿದ್ದ ಹಾಗೇ ರಸ್ತೆ ಇಳಿಯೋಕೆ ಶುರುವಾಯಿತು. ಒಂದು ತಿರುವು, ಅಷ್ಟೇ. ಗಾಜಿನ ಮುಂದೆ ಹಾಲು ಚೆಲ್ಲಿದಂತೆ ಮಂಜು. 24 ಡಿಗ್ರಿ. ಎರಡೂ ಕಡೆ ಹಸಿರು, ಅದರಲ್ಲಿ ಒಂಟೆಗಳು ನಮ್ಮ ದನಗಳ ಹಾಗೆ ಮೇಯುತ್ತಿವೆ. ಕೇರಳಕ್ಕೆ, ನಮಗೆ ಮಳೆ ತರುವ ಮುಂಗಾರಿನ ಗಾಳಿಯೇ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಈ ಬೆಟ್ಟಕ್ಕೂ ಸವರಿಕೊಂಡು ಹೋಗುತ್ತೆ. ಅವರ ಮಾತಲ್ಲಿ ಖರೀಫ್.

ಭಾವ ವೈಪರ್ ಹಾಕಿದರು. ಹನ್ನೊಂದು ವರ್ಷದಿಂದ ಈ ದೇಶದಲ್ಲಿ ಅದನ್ನು ಹಾಕಿದ್ದು ಎಷ್ಟು ಸಲವೋ, ಬಿಸಿಲಿಗೆ ಬೆಂದ ರಬ್ಬರ್ ಎಳೆ ಎಳೆಯಾಗಿ ಕಿತ್ತುಬಂದು ಗಾಜಿನ ಮೇಲೆ ಹುಳದ ಹಾಗೆ ಹರಿದಾಡಿತು. ಬದಿಗೆ ನಿಲ್ಲಿಸಿದೆವು. ಅಕ್ಕ ತಿಂಡಿ ಬುಟ್ಟಿಯಿಂದ ಒಂದು ಆಲೂಗಡ್ಡೆ ತೆಗೆದು ಎರಡು ಹೋಳು ಮಾಡಿ ಕೊಟ್ಟಳು. ನಮ್ಮ ಕಡೆ ಲಾರಿಯವರ ಹಳೇ ಉಪಾಯ, ಗಾಜಿಗೆ ತಿಕ್ಕಿದರೆ ಹನಿ ನಿಲ್ಲಲ್ಲ. ಪರವಾಗಿಲ್ಲ, ಕೆಲಸ ಮಾಡಿತು. ಆಗುಂಬೆ ಘಾಟಿಯ ವಿದ್ಯೆ ಅರಬ್ಬೀ ದೇಶದಲ್ಲಿ ಉಪಯೋಗಕ್ಕೆ ಬಂತು.

ಮಾರನೇ ದಿನ ಇತ್ತಿನ್ ಬೆಟ್ಟದ ಮೇಲೆ ಸೌದಿ, ದುಬೈ, ಕುವೈತ್ ನಂಬರಿನ ಕಾರುಗಳು ಸಾಲು ಸಾಲು. ಸಂಸಾರಗಳು ಹುಲ್ಲಿನ ಮೇಲೆ ಚಾಪೆ ಹಾಸಿ, ಮಾಂಸ ಸುಡುತ್ತ, ಸೋನೆಗಿಂತ ಸಣ್ಣ ಜಿನುಗಿನಲ್ಲಿ ಸುಮ್ನೆ ಕೂತಿವೆ. ಒಬ್ಬರ ಹತ್ತಿರವೂ ಕೊಡೆ ಇಲ್ಲ. ನಾನೊಬ್ಬನೇ ತಲೆಗೆ ಟವೆಲ್ ಹೊದ್ದು ಅಂಚಿನಲ್ಲಿ ನಿಂತಿದ್ದೆ, ಪ್ಯಾಂಟಿಗೆ ಕೆಸರಾಗುತ್ತೆ ಅಂತ. ಪಕ್ಕದ ಚಾಪೆಯ ಹುಡುಗಿಯೊಬ್ಬಳು ನನ್ನ ಟವೆಲ್ ತೋರಿಸಿ ಅವರಮ್ಮನಿಗೆ ಏನೋ ಹೇಳಿ ನಕ್ಕಳು. ಟವೆಲ್ ತೆಗೆದೆ.

ವಾಪಸ್ ಬರುವಾಗ ಕಾರು ಬಾಗಿಲವರೆಗೆ ಕೆಸರು. ಮಸ್ಕತ್‌ನಲ್ಲಿ ಕಾರು ಕೊಳಕಾಗಿದ್ದರೆ ದಂಡ ಹಾಕ್ತಾರೆ, ಹೈಮಾದಲ್ಲೇ ತೊಳೆಸಿಬಿಡಿ ಅಂತ ಅಕ್ಕ ಹೇಳುತ್ತಲೇ ಇದ್ದಳು. ದಿನಾ ಕಾರು ಒರೆಸುವ ಭಾವ ಬಂಕಿನಲ್ಲಿ ಪೆಟ್ರೋಲ್ ಮಾತ್ರ ಹಾಕಿಸಿಕೊಂಡರು.

"ಇರ್ಲಿ ಬಿಡೆ," ಅಂದರು, "ಆಫೀಸಿನವರು ಒಂದ್ಸಲ ನೋಡ್ಲಿ."