ಮುಳ್ಳಯ್ಯನಗಿರಿಯ ಒತ್ತಕ್ಷರಗಳು

ಆಲ್ದೂರಿನ ಬಳಿ ಹೋಂಸ್ಟೇ ನಡೆಸುವ ಚಿಕ್ಕಪ್ಪನಿಗೆ ಕನ್ನಡದಲ್ಲೊಂದು ವೆಬ್‌ಸೈಟ್ ಮಾಡಿಕೊಡುವ ನೆಪದಲ್ಲಿ ನಾನು ವೆಬ್‌ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಕಲಿಯಲು ಕುಳಿತೆ. ಆಷಾಢದ ಮಳೆ. ಎಲ್ಲೋ ಒಂದು ಸಿಲ್ವರ್ ಓಕ್ ಕೊಂಬೆ ಮುರಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಹಾಗಾಗಿ ವರ್ಡ್‌ಪ್ರೆಸ್ ಓಡಲು ಬೇಕಾದ ಸರ್ವರ್, ಪಿಎಚ್‌ಪಿ, ಡೇಟಾಬೇಸ್ ಮೂರನ್ನೂ ಲ್ಯಾಪ್‌ಟಾಪಿನಲ್ಲೇ ಹಾಕಿಕೊಂಡಿದ್ದೆ. ಬ್ಯಾಟರಿ ಇರುವವರೆಗೆ ಕೆಲಸಕ್ಕೆ ತೊಂದರೆಯಿರಲಿಲ್ಲ.

ಬರಹವೆಲ್ಲ ಡೇಟಾಬೇಸಿನಲ್ಲಿ, ರೂಪವೆಲ್ಲ ಥೀಮಿನಲ್ಲಿ ಎಂಬ ವಿಂಗಡಣೆ ಬೇಗ ಅರ್ಥವಾಯಿತು. ಅಂದವಾದ ಉಚಿತ ಥೀಮೊಂದನ್ನು ಆರಿಸಿ, ಮೊದಲ ಪುಟಕ್ಕೆ ‘ಮುಳ್ಳಯ್ಯನಗಿರಿಗೆ ಚಾರಣ ಹೊರಡುವವರಿಗೆ ಸೂಚನೆಗಳು’ ಎಂದು ಶೀರ್ಷಿಕೆ ಕೊಟ್ಟೆ. ತೆರೆದು ನೋಡಿದರೆ ‘ಳ್ಳ’, ‘ಯ್ಯ’ಗಳ ಒತ್ತುಗಳನ್ನು ಯಾರೋ ಬ್ಲೇಡಿನಿಂದ ಕೊಯ್ದಂತಿತ್ತು. ಮೊಬೈಲ್ ಅಗಲಕ್ಕೆ ಕುಗ್ಗಿಸಿದಾಗ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಣಿತಗಳಿಗೆ ತಾಗುತ್ತಿದ್ದವು.

ಎಫ್12 ಒತ್ತಿ, ಪುಟದ ಹಿಂದಿನ ನಿಯಮಗಳನ್ನು ತೋರಿಸುವ ಬ್ರೌಸರಿನ ಸಲಕರಣೆ ತೆರೆದು, ಶೀರ್ಷಿಕೆಯ ಮೇಲೆ ಬೆರಳಾಡಿಸಿದೆ. ಲೈನ್-ಹೈಟ್ 1.1, ಓವರ್‌ಫ್ಲೋ ಹಿಡನ್. ಸಾಲಿನ ಎತ್ತರ ಅಕ್ಷರಕ್ಕಿಂತ ಕೂದಲೆಳೆಯಷ್ಟೇ ಹೆಚ್ಚು. ಅದನ್ನು ಮೀರಿ ಕೆಳಗಿಳಿದದ್ದು ಕಾಣಬಾರದು ಎಂಬ ಕಟ್ಟಳೆ ಬೇರೆ. ಥೀಮಿನ ಮಾದರಿ ಪುಟಗಳಲ್ಲಿ ತುಂಬಿರುವುದು ಲ್ಯಾಟಿನ್ ಲಿಪಿಯ ಪಠ್ಯ; ಅಲ್ಲಿ ಒತ್ತಿನ ಚಿಂತೆ ಯಾರಿಗೆ? ಅಕ್ಷರದ ಕೆಳಗೆ ಅಕ್ಷರ ಬರೆಯುವವರು ಇದನ್ನು ತಾವೇ ಸರಿಪಡಿಸಿಕೊಳ್ಳಬೇಕು.

ಮೂಲ ಥೀಮಿಗೇ ಕೈ ಹಾಕಿದರೆ ಮುಂದಿನ ಅಪ್‌ಡೇಟ್ ಎಲ್ಲವನ್ನೂ ಅಳಿಸಿಬಿಡುತ್ತದೆ. ಅದಕ್ಕೇ ಮೂಲವನ್ನು ಮುಟ್ಟದೆ ನಮ್ಮ ಬದಲಾವಣೆಗಳನ್ನಷ್ಟೇ ಇಡುವ ಚೈಲ್ಡ್ ಥೀಮ್: ಬೇರೊಂದು ಫೋಲ್ಡರ್, ಅದರಲ್ಲೊಂದು ಸ್ಟೈಲ್‌ಶೀಟ್ (ರೂಪದ ನಿಯಮಗಳ ಕಡತ), ಅದರ ತಲೆಯ ಟಿಪ್ಪಣಿಯಲ್ಲಿ ‘ಟೆಂಪ್ಲೇಟ್’ ಎಂಬಲ್ಲಿ ತಾಯಿ ಥೀಮಿನ ಫೋಲ್ಡರ್ ಹೆಸರು. ಲೈನ್-ಹೈಟನ್ನು 1.6ಕ್ಕೆ ಏರಿಸಿ, ಓವರ್‌ಫ್ಲೋ ಕಟ್ಟಳೆ ತೆಗೆದು ಪುಟವನ್ನು ರಿಫ್ರೆಶ್ ಮಾಡಿದೆ. ಗಿರಿ ಒತ್ತುಗಳ ಸಮೇತ ನಿಂತಿತು.

ಆಮೇಲೆ ಕಣ್ಣು ಪುಟದ ವೆಬ್ ವಿಳಾಸದ ಕಡೆ ಹೊರಳಿತು. ಅದು ‘ಮುಳ್ಳಯ್ಯನಗಿರಿಗೆ-ಚಾರಣ-ಹೊರ’ ಎಂಬಲ್ಲಿಗೇ ಮುಗಿದಿತ್ತು. ಇದು ಥೀಮಿನ ತಪ್ಪಲ್ಲ. ಪುಟದ ವಿಳಾಸಕ್ಕೆ ವರ್ಡ್‌ಪ್ರೆಸ್ ಇಟ್ಟಿರುವ ಜಾಗ 200 ಸ್ಥಾನ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ವಿಳಾಸದಲ್ಲಿ ಪ್ರತಿ ಬೈಟೂ ಶೇಕಡಾ ಚಿಹ್ನೆಯೊಂದಿಗೆ ಮೂರು ಸ್ಥಾನ ಹಿಡಿಯುತ್ತದೆ. ಅಲ್ಲಿಗೆ ಒಂದೊಂದಕ್ಕೂ ಒಂಬತ್ತು. ಸ್ವರಚಿಹ್ನೆಯೂ ಒಂದು ಸಂಕೇತ, ಒತ್ತು ಕೂಡಿಸುವ ವಿರಾಮವೂ (್) ಒಂದು ಸಂಕೇತ, ನಡುವಿನ ಅಡ್ಡಗೆರೆಗಳಿಗೆ ಒಂದೊಂದೇ ಸ್ಥಾನ ಎಂದು ಲೆಕ್ಕ ಹಿಡಿದರೆ ‘ಹೊರ’ಕ್ಕೆ ಸರಿಯಾಗಿ 200 ತುಂಬುತ್ತದೆ. ಕಡೆಗೆ ವಿಳಾಸವನ್ನು ಬರಿಯ ‘ಚಾರಣ’ ಎಂದು ಬದಲಿಸಿದೆ.

ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಪುಟವನ್ನು ಮೇಲಿಂದ ಕೆಳಗೆ ನೋಡಿದರು. “ಎಲ್ಲ ಚೆನ್ನಾಗಿದೆ ಕಣಪ್ಪ, ನನ್ನ ಫೋನ್ ನಂಬರ್ ಎಲ್ಲಿ?” ಅದು ಅಡಿಬರಹದಲ್ಲಿತ್ತು. ಹೆಡರ್ ಕಡತವನ್ನು ಚೈಲ್ಡ್ ಥೀಮಿಗೆ ನಕಲಿಸಿ, ನಂಬರನ್ನು ನೆತ್ತಿಯ ಮೇಲಿಟ್ಟೆ. ಈಗ ದರಪಟ್ಟಿಗೊಂದು ಪುಟ ಬೇಕಂತೆ. ಅದರಲ್ಲಿ ದರ ಮಾತ್ರ ಹಾಕಬಾರದಂತೆ.