ರಿಫಂಡ್ ಹಕ್ಕು ಉಳಿಯಿತು

ಹೊಸ ಆದಾಯ ತೆರಿಗೆ ಕಾನೂನಿನ ಬಗ್ಗೆ ಎಲ್ಲರೂ ಗಾತ್ರದ ಮಾತನ್ನೇ ಆಡುತ್ತಿದ್ದಾರೆ: 1961ರ ಕಾಯ್ದೆಯ 819 ಸೆಕ್ಷನ್‌ಗಳು 536ಕ್ಕೆ ಇಳಿದಿವೆ, ಪದಗಳು ಹೆಚ್ಚುಕಡಿಮೆ ಅರ್ಧವಾಗಿವೆ. ಸಂತೋಷವೇ. ಆದರೆ ನನ್ನ ಮನಸ್ಸು ನಿಂತಿರುವುದು ಒಂದು ಸಣ್ಣ ಕಲಮಿನ ಮೇಲೆ. 2025ರ ಫೆಬ್ರುವರಿಯಲ್ಲಿ ಲೋಕಸಭೆಗೆ ಬಂದ ಮಸೂದೆಯ ಪ್ರಕಾರ, ಗಡುವಿನೊಳಗೆ ರಿಟರ್ನ್ಸ್ ಸಲ್ಲಿಸದವರಿಗೆ ರಿಫಂಡ್, ಅಂದರೆ ಹೆಚ್ಚಾಗಿ ಹಿಡಿದ ತೆರಿಗೆಯನ್ನು ವಾಪಸ್ ಕೇಳುವ ಹಕ್ಕೇ ಇರುತ್ತಿರಲಿಲ್ಲ.

ನಮ್ಮ ಪಕ್ಕದ ಮನೆಯ ಅಜ್ಜಿಯಂಥವರನ್ನು ನೆನೆಸಿಕೊಳ್ಳಿ. ತೆರಿಗೆ ಕಟ್ಟುವಷ್ಟು ಆದಾಯವಿಲ್ಲ. ಆದರೂ ಠೇವಣಿಯ ಬಡ್ಡಿಯಲ್ಲಿ ಬ್ಯಾಂಕು ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾಗುವ ತೆರಿಗೆ, ಹಿಡಿದುಕೊಂಡಿರುತ್ತದೆ. ತೆರಿಗೆ ಹಿಡಿಯಬೇಡಿ ಎಂದು ಕೋರುವ ಫಾರಂ (ಹಳೆಯ ಕಾಯ್ದೆಯಡಿ 15ಎಚ್) ಮೊದಲೇ ತುಂಬಿಕೊಡಿ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಆ ದುಡ್ಡು ಅವರದೇ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಗೆ ಅಲೆಯುವಾಗ ಗಡುವು ದಾಟಿತೆಂದು ಅದನ್ನು ಕಳೆದುಕೊಳ್ಳಬೇಕೇ?

ಮಸೂದೆಯನ್ನು ಪರಿಶೀಲಿಸಿದ, ಸಂಸದ ಬೈಜಯಂತ್ ಪಾಂಡಾ ನೇತೃತ್ವದ ಲೋಕಸಭೆಯ ಆಯ್ಕೆ ಸಮಿತಿ ಈ ಅಂಶವನ್ನು ಕೈಬಿಡಲು ಹೇಳಿತು. ಆಗಸ್ಟ್‌ನಲ್ಲಿ ಅಂಗೀಕಾರವಾದ ಪರಿಷ್ಕೃತ ಮಸೂದೆಯಲ್ಲಿ ಅದಿಲ್ಲ. ಸಮಿತಿಯ ವರದಿಗಳನ್ನು ನಾವು ಓದುವುದೇ ಕಡಿಮೆ, ನಿಜವಾದ ಕೆಲಸ ನಡೆಯುವುದು ಮಾತ್ರ ಅಲ್ಲೇ. ಕಾನೂನಿನ ಜಾರಿ 2026ರ ಏಪ್ರಿಲ್ 1ರಿಂದ. ನಿಮ್ಮ ಮನೆಯ ಹಿರಿಯರ ಠೇವಣಿಯಲ್ಲಿ ಎಷ್ಟು ತೆರಿಗೆ ಹಿಡಿದಿದ್ದಾರೆಂದು ಒಮ್ಮೆ ದಯವಿಟ್ಟು ನೋಡಿ.